ಉಗ್ರಾಣದ ರಸೀದಿ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಕೆಲಸ ಮಾಡುವವರಿಗೆ ಹಾರ್ನಿಮನ್ ಸರ್ಕಲ್ಲಿನ ಮರಗಳೆಂದರೆ ಮಧ್ಯಾಹ್ನದ ಊಟದ ನಂತರದ ನೆರಳು, ಅಷ್ಟೇ. 1850ರ ದಶಕದಲ್ಲಿ ಅಲ್ಲೇ ಟೌನ್‌ಹಾಲಿನ ಎದುರು ಆಲದ ಮರದ ಕೆಳಗೆ ಕೂಡುತ್ತಿದ್ದ ಕೆಲವೇ ದಲ್ಲಾಳಿಗಳ ಬಳಗ 1875ರಲ್ಲಿ ಸಂಘವಾಗಿ, ಮುಂದೆ ದಲಾಲ್ ಸ್ಟ್ರೀಟಿನ ಷೇರುಪೇಟೆಯಾಗಿ ಬೆಳೆಯಿತು. ಆ ಕಟ್ಟಡದ ಮುಂದೆ ವರ್ಷಗಟ್ಟಲೆ ಹಾದುಹೋಗಿದ್ದರೂ ಅದರ ಮೇಲೆ ಓಡುವ ಅಂಕೆ ನಿಜಕ್ಕೂ ಏನನ್ನು ಎಣಿಸುತ್ತದೆಂದು ನಾನು ಕೇಳಿಕೊಂಡಿರಲಿಲ್ಲ. ಇಂಗ್ಲಿಷ್ ಎಂ.ಎ. ಓದಿದವನಿಗೆ ಷೇರುಪೇಟೆಯ ಪರಿಚಯವೆಂದರೆ 1720ರ ಸೌತ್ ಸೀ ಹಗರಣವನ್ನು ಸ್ವಿಫ್ಟ್ ಲೇವಡಿ ಮಾಡಿದ್ದು, ಅಲ್ಲಿಗೆ ಮುಗಿಯಿತು. ಪ್ರಶ್ನೆ ಹುಟ್ಟಿದ್ದು 2024ರಲ್ಲಿ, ನನ್ನದೇ ಒಂದು ಪೆದ್ದುತನದಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಸೂಚ್ಯಂಕ ಹುಟ್ಟಿದ್ದು ಪತ್ರಕರ್ತನೊಬ್ಬನ ಮೇಜಿನ ಮೇಲೆ. ನ್ಯೂಯಾರ್ಕಿನ ಚಾರ್ಲ್ಸ್ ಡೌ 1884ರಲ್ಲಿ ಹನ್ನೊಂದು ಕಂಪನಿಗಳ ಷೇರುಬೆಲೆಯ ಸರಾಸರಿಯನ್ನು ಪ್ರಕಟಿಸಿದ. ಅವುಗಳಲ್ಲಿ ಒಂಬತ್ತು ರೈಲ್ವೆ ಕಂಪನಿಗಳು. 1896ರ ಮೇ 26ರಂದು ಹನ್ನೆರಡು ಕೈಗಾರಿಕಾ ಕಂಪನಿಗಳ ಸರಾಸರಿ ಬಂತು: ಬೆಲೆಗಳನ್ನು ಕೂಡಿ ಹನ್ನೆರಡರಿಂದ ಭಾಗಿಸಿದರೆ 40.94. ಶಾಲೆಯ ಮಕ್ಕಳೂ ಮಾಡಬಹುದಾದ ಈ ಲೆಕ್ಕದಲ್ಲಿ ಒಂದು ಊನವಿತ್ತು. ಕಂಪನಿ ಚಿಕ್ಕದಾದರೂ ಒಂದು ಷೇರಿನ ಬೆಲೆ ದೊಡ್ಡದಾದರೆ ಸರಾಸರಿಯನ್ನು ಅದೇ ಎಳೆದಾಡುತ್ತಿತ್ತು. 1957ರ ಎಸ್ ಅಂಡ್ ಪಿ 500 ಸೂಚ್ಯಂಕದಲ್ಲಿ ಕಂಪನಿಯ ಒಟ್ಟು ಮಾರುಕಟ್ಟೆ ಮೌಲ್ಯಕ್ಕೆ ತಕ್ಕ ತೂಕ ದೊರೆಯಿತು. ನಮ್ಮ ಸೆನ್ಸೆಕ್ಸ್ 1986ರಲ್ಲಿ, 1978-79ನ್ನು ನೂರೆಂದು ಹಿಡಿದು ಮೂವತ್ತು ಕಂಪನಿಗಳೊಡನೆ ಆರಂಭವಾಯಿತು. ಐವತ್ತು ಕಂಪನಿಗಳ ನಿಫ್ಟಿ ಬಂದದ್ದು 1996ರಲ್ಲಿ. ಪ್ರವರ್ತಕರ ಕೈಯಲ್ಲೇ ಉಳಿದ, ಪೇಟೆಗೆ ಬಾರದ ಷೇರುಗಳನ್ನು ಬಿಟ್ಟು ತೂಕ ಹಾಕುವ ಪದ್ಧತಿಗೆ ಸೆನ್ಸೆಕ್ಸ್ 2003ರಲ್ಲಿ, ನಿಫ್ಟಿ 2009ರಲ್ಲಿ ಹೊರಳಿದವು. ಈ ಪಟ್ಟಿಗಳೇನೂ ಶಾಸನವಲ್ಲ. ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷರು ಲೆಕ್ಕಪತ್ರಗಳು ಸುಳ್ಳೆಂದು 2009ರ ಜನವರಿ 7ರಂದು ಪತ್ರ ಬರೆದರು. ಅದೇ ತಿಂಗಳು ಆ ಹೆಸರು ಎರಡೂ ಸೂಚ್ಯಂಕಗಳಿಂದ ಹೊರಬಿತ್ತು.

ಅಳತೆಗೋಲನ್ನೇ ಸರಕಾಗಿಸಿ ಸಾಮಾನ್ಯರಿಗೆ ಮಾರಬಹುದೆಂದು ಹಟ ಹಿಡಿದವನು ಜಾನ್ ಬೋಗಲ್. ಜಾಣ ಷೇರುಗಳನ್ನು ಹುಡುಕುವ ಪರಿಣತರಿಗೆ ಸಂಬಳ ಕೊಡುವ ಬದಲು ಸೂಚ್ಯಂಕದಲ್ಲಿರುವುದನ್ನೆಲ್ಲ ಅದೇ ಪ್ರಮಾಣದಲ್ಲಿ ಕೊಂಡು ಸುಮ್ಮನಿರುವುದು ಅವನ ವಾದ. 1976ರಲ್ಲಿ ಹದಿನೈದು ಕೋಟಿ ಡಾಲರ್ ನಿರೀಕ್ಷಿಸಿದವನಿಗೆ ಕೂಡಿದ್ದು ಒಂದು ಕೋಟಿ ಹದಿಮೂರು ಲಕ್ಷ. ಜನ ಅದನ್ನು ಬೋಗಲನ ಮೂರ್ಖತನ ಎಂದರು.

ನನಗೆ ಇವನಿಗಿಂತ ಪ್ರಿಯನಾದವನು ನೇಥನ್ ಮೋಸ್ಟ್. ಭೌತಶಾಸ್ತ್ರ ಓದಿದವನು, ಸರಕು ವ್ಯಾಪಾರದಲ್ಲಿ, ಕೊಬ್ಬರಿ ಎಣ್ಣೆಯಂಥ ಪದಾರ್ಥಗಳ ನಡುವೆ ಬಹುಕಾಲ ಕಳೆದವನು. 1987ರ ಅಕ್ಟೋಬರ್ 19ರಂದು ಡೌ ಸೂಚ್ಯಂಕ ಒಂದೇ ದಿನ ಶೇಕಡ 22.6ರಷ್ಟು ಕುಸಿದಾಗ ಅವನು ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ನೌಕರ. ವಯಸ್ಸು ಎಪ್ಪತ್ತು ದಾಟಿತ್ತು. ಷೇರುಗಳ ಇಡೀ ಬುಟ್ಟಿಯನ್ನು ಒಂದೇ ಪತ್ರವಾಗಿ ಮಾರುವ ವ್ಯವಸ್ಥೆ ಇದ್ದಿದ್ದರೆ ಆ ದಿನದ ಪೆಟ್ಟು ಕಡಿಮೆಯಾಗುತ್ತಿತ್ತೇನೋ ಎಂಬ ಮಾತು ಮರುವರ್ಷದ ಸರ್ಕಾರಿ ವರದಿಯಲ್ಲಿ ಬಂತು. ಮೋಸ್ಟನಿಗೆ ತನ್ನ ಹಳೆಯ ಉಗ್ರಾಣಗಳು ನೆನಪಾದವು. ಎಣ್ಣೆಯ ಪೀಪಾಯಿ ಉಗ್ರಾಣದಲ್ಲಿ ಅಲ್ಲಾಡದೆ ಇರುತ್ತದೆ, ಕೈ ಬದಲಾಗುವುದು ರಸೀದಿ ಮಾತ್ರ. ಷೇರುಗಳಿಗೂ ಹಾಗೇ ಏಕೆ ಮಾಡಬಾರದು? ಅವನು ಮೊದಲು ಹೋದದ್ದು ಬೋಗಲನ ಬಳಿಗೆ. ದಿನವಿಡೀ ಕೊಳ್ಳುವ, ಮಾರುವ ಚಪಲ ದೀರ್ಘಕಾಲದ ಹೂಡಿಕೆಗೆ ಮಾರಕವೆಂದು ಬೋಗಲ್ ಒಪ್ಪಲಿಲ್ಲ. ಇಬ್ಬರ ಮಾತಿನಲ್ಲೂ ಹುರುಳಿತ್ತೆಂದು ನನಗೆ ಈಗ ತೋರುತ್ತದೆ. ಟೊರೊಂಟೊದಲ್ಲಿ 1990ರಲ್ಲೇ ಇಂಥದೊಂದು ಪತ್ರ ಬಂದಿತ್ತು; ಮೋಸ್ಟನ ರಸೀದಿ ಸ್ಪೈಡರ್ ಎಂಬ ಅಡ್ಡಹೆಸರಿನಲ್ಲಿ 1993ರ ಜನವರಿ 29ರಂದು ವಹಿವಾಟಿಗೆ ಇಳಿಯಿತು.

ಅದರ ಒಳಗಿನ ಯಂತ್ರ ಸರಳ. ಅಧಿಕೃತ ದೊಡ್ಡ ವರ್ತಕರು ಸೂಚ್ಯಂಕದ ಷೇರುಗಳನ್ನು ಸರಿಯಾದ ಪ್ರಮಾಣದಲ್ಲಿ ತಂದು ನಿಧಿಗೆ ಒಪ್ಪಿಸಿ, ಬದಲಿಗೆ ದೊಡ್ಡ ಗಂಟಿನಲ್ಲಿ ಯೂನಿಟ್‌ಗಳನ್ನು ಪಡೆಯುತ್ತಾರೆ; ಬೇಡವಾದಾಗ ಹಿಂದಿರುಗಿಸಿ ಷೇರುಗಳನ್ನು ಒಯ್ಯುತ್ತಾರೆ. ಪೇಟೆಯಲ್ಲಿ ಯೂನಿಟ್ ಬೆಲೆ ಬುಟ್ಟಿಯ ಮೌಲ್ಯವನ್ನು ಮೀರಿದರೆ ಹೊಸ ಯೂನಿಟ್ ಸೃಷ್ಟಿಸಿ ಮಾರುವುದೇ ಲಾಭ. ಇಳಿದರೆ ಕೊಂಡು ಹಿಂದಿರುಗಿಸುವುದೇ ಲಾಭ. ಅವರ ಈ ಲಾಭದಾಸೆಯೇ ಎರಡೂ ಬೆಲೆಗಳನ್ನು ಹತ್ತಿರ ಹಿಡಿದಿಡುತ್ತದೆ.

ನಾನು ಎಡವಿದ್ದು ಇಲ್ಲೇ. ಅಮೆರಿಕದ ಸೂಚ್ಯಂಕವೊಂದನ್ನು ಹಿಂಬಾಲಿಸುವ ಇಟಿಎಫ್‌ನ ಯೂನಿಟ್‌ಗಳನ್ನು, ಗೆಳೆಯರ ಮಾತು ಕೇಳಿ, 2024ರಲ್ಲಿ ಕೊಂಡೆ. ವಿದೇಶೀ ಇಟಿಎಫ್‌ಗಳಲ್ಲಿ ಹೂಡಲು ನಮ್ಮ ಮ್ಯೂಚುವಲ್ ಫಂಡುಗಳಿಗೆ ಒಟ್ಟಾರೆ ಇದ್ದ ಮಿತಿ ನೂರು ಕೋಟಿ ಡಾಲರ್. ಅದು ತುಂಬುತ್ತ ಬಂದು, ಏಪ್ರಿಲ್ 1ರಿಂದ ಹೊಸ ಹಣ ಸ್ವೀಕರಿಸದಂತೆ ಸೆಬಿ ಸೂಚಿಸಿತ್ತು. ಉಗ್ರಾಣದ ಬಾಗಿಲು ಮುಚ್ಚಿದ ಮೇಲೆ ಹೊಸ ರಸೀದಿ ಎಲ್ಲಿಂದ ಬರಬೇಕು? ಇದ್ದ ರಸೀದಿಗಳನ್ನೇ ಜನ ಮೇಲಾಟ ಮಾಡಿ ಕೊಳ್ಳುತ್ತಿದ್ದರು. ಬುಟ್ಟಿಯ ನಿವ್ವಳ ಮೌಲ್ಯ ನಿಧಿಯ ಜಾಲತಾಣದಲ್ಲೇ ನಮೂದಾಗಿರುತ್ತದೆ. ನಾನು ನೋಡಿದ್ದು ಕೊಂಡ ಮರುದಿನ.

ಭಾರತದ ಮೊದಲ ಇಟಿಎಫ್, ನಿಫ್ಟಿ ಬೀಸ್, 2001ರ ಡಿಸೆಂಬರಿನದು. ಚಿನ್ನದ್ದು 2007ರಲ್ಲಿ ಬಂತು. ಕೇಂದ್ರ ಸರ್ಕಾರಿ ನೌಕರರು ಷೇರುಗಳಲ್ಲಿ ಸಟ್ಟಾ ವ್ಯವಹಾರ ಮಾಡಕೂಡದೆಂದೂ, ಪದೇ ಪದೇ ಕೊಂಡು ಮಾರುವುದನ್ನು ಸಟ್ಟಾ ಎಂದೇ ಎಣಿಸಲಾಗುವುದೆಂದೂ 1964ರ ನಡತೆ ನಿಯಮಗಳ ಹದಿನಾರನೆಯ ನಿಯಮ ಹೇಳುತ್ತದೆ. ಬೋಗಲ್ ಇದನ್ನು ಓದಿದ್ದರೆ ಸಂತೋಷಪಡುತ್ತಿದ್ದ.

ಆದರೆ ಕೊಳ್ಳದೆಯೂ ಪೇಟೆಯೊಳಗೆ ಸೇರಿದವರಿದ್ದಾರೆ. ಕಾರ್ಮಿಕರ ಭವಿಷ್ಯ ನಿಧಿ ಸಂಘಟನೆಯು 2015ರ ಆಗಸ್ಟಿನಿಂದ ಹೊಸ ಸಂಗ್ರಹದ ಶೇಕಡ 5ನ್ನು, ಮುಂದೆ 2017ರಲ್ಲಿ ಶೇಕಡ 15ನ್ನು ಇಟಿಎಫ್‌ಗಳಲ್ಲಿ ತೊಡಗಿಸತೊಡಗಿತು. ನನ್ನ ಹೆಂಡತಿ ಖಾಸಗಿ ಸಂಸ್ಥೆಯಲ್ಲಿ ದುಡಿಯುವವಳು. ಇದನ್ನೆಲ್ಲ ವಿವರಿಸಿದ ರಾತ್ರಿ ಅವಳು ತನ್ನ ಪಾಸ್‌ಬುಕ್ಕನ್ನು ಮೊಬೈಲಿನಲ್ಲಿ ತೆರೆದು ನನ್ನ ಮುಂದೆ ಹಿಡಿದಳು. ಅದರಲ್ಲಿ ತಿಂಗಳ ವಂತಿಗೆಯಿತ್ತು, ವರ್ಷದ ಬಡ್ಡಿಯಿತ್ತು, ಯೂನಿಟ್‌ಗಳ ಲೆಕ್ಕವಿರಲಿಲ್ಲ. "ಹಾಗಾದರೆ ನನ್ನ ರಸೀದಿ ಯಾರ ಹತ್ತಿರ ಇದೆ?" ಎಂದಳು. ಸಂಘಟನೆಯ ಹತ್ತಿರ ಎಂದೆ. ಅವಳು ಮೊಬೈಲನ್ನು ಚಾರ್ಜಿಗೆ ಹಾಕಿ, ಮರುದಿನದ ಡಬ್ಬಿಗೆ ಹುರಳಿಕಾಯಿ ಹೆಚ್ಚಲು ಕೂತಳು.