ಜೀವಕೋಶದ ವಿದುರರು

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಅಶ್ವತ್ಥವನ್ನು ನೆಟ್ಟವನು ವಿದುರನೆಂದು ಸ್ಥಳಪುರಾಣ. ಅರಗಿನ ಮನೆಗೆ ಬೆಂಕಿ ಬೀಳುವ ಮುನ್ನವೇ ಪಾಂಡವರಿಗೆ ಸೂಚನೆಯಿತ್ತು, ಸುರಂಗ ತೋಡುವವನನ್ನು ಕಳುಹಿಸಿ ಅವರನ್ನು ಉಳಿಸಿದವನೂ ಅವನೇ. ನಮ್ಮ ಒಂದೊಂದು ಜೀವಕೋಶದಲ್ಲಿಯೂ ಇಂತಹ ವಿದುರರಿದ್ದಾರೆ. ಅವರ ಪರಿಚಯ ವಿಜ್ಞಾನಕ್ಕೆ ಆದದ್ದೂ ಬಿಸಿಯ ನೆಪದಿಂದಲೇ.

ಇಟಲಿಯ ಫೆರುಚ್ಚಿಯೊ ರಿತೊಸ್ಸ ಹಣ್ಣಿನ ನೊಣದ ವರ್ಣತಂತುಗಳನ್ನು ಪರೀಕ್ಷಿಸುತ್ತಿದ್ದ ಕಾಲದಲ್ಲಿ, ಜೊತೆಯವರೊಬ್ಬರು ಶಾಖಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ಎಂದೂ ಕಾಣದ ಕಡೆಗಳಲ್ಲಿ ವರ್ಣತಂತುಗಳು ಉಬ್ಬಿದ್ದುವು. ಆತ ಇದನ್ನು 1962ರಲ್ಲಿ ಪ್ರಕಟಿಸಿದರು. ಶಾಖಕ್ಕೆ ಹೀಗೆ ಎಚ್ಚತ್ತು ಹುಟ್ಟುವ ಸಸಾರಜನಕಗಳನ್ನು, ಎಂದರೆ ಪ್ರೋಟೀನುಗಳನ್ನು, ಆಲ್‌ಫ್ರೆಡ್ ತಿಸ್ಸಿಯೇರ್ ಮತ್ತು ಸಂಗಡಿಗರು 1974ರಲ್ಲಿ ಗುರುತಿಸಿದರು.

ಪ್ರೋಟೀನು ದಾರದಂತೆ ಹುಟ್ಟಿ, ತಕ್ಕಂತೆ ಮಡಿಸಿಕೊಂಡ ಮೇಲೆ ಕೆಲಸಕ್ಕೆ ಬರುತ್ತದೆ. ಶಾಖ ತಗುಲಿದರೆ ಆ ಮಡಿಕೆ ಕೆಡುತ್ತದೆ. ಬೆಂದ ಮೊಟ್ಟೆಯ ಬಿಳಿ ಗಟ್ಟಿಯಾಗುವುದು ಹೀಗೆಯೇ. ಹಾಗೆ ಕೆಡದಂತೆ ನೋಡಿಕೊಳ್ಳುವ ಪಾಲಕರು ಇವು. ಹಿಂದೆ ಯುರೋಪಿನಲ್ಲಿ ತರುಣಿಯರ ಜೊತೆಗೆ ಕಾವಲಾಗಿ ಹೋಗುತ್ತಿದ್ದ ಹಿರಿಯ ಹೆಂಗಸಿಗೆ 'ಶಾಪರೋನ್' ಎಂದು ಹೆಸರು. ರಾನ್ ಲಾಸ್ಕಿ 1978ರಲ್ಲಿ ಒಂದು ಪ್ರೋಟೀನಿನ ಕೆಲಸಕ್ಕೆ ಬಳಸಿದ ಆ ಮಾತನ್ನು ಜಾನ್ ಎಲಿಸ್ 1987ರಲ್ಲಿ ಇಡೀ ಬಳಗಕ್ಕೆ ವಿಸ್ತರಿಸಿದರು.

ಕೆಟ್ಟುಹೋದ ಜೀವಕೋಶ ತಾನಾಗಿಯೇ ಸಾಯುವುದು ದೇಹಧರ್ಮ. ಕೆರ್, ವೈಲಿ, ಕರಿ ಎಂಬ ಮೂವರು 1972ರಲ್ಲಿ ಇದಕ್ಕೆ 'ಅಪೊಪ್ಟೋಸಿಸ್' ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವಂತೆ ಉದುರುವುದೆಂದು ಆ ಗ್ರೀಕ್ ಮಾತಿನ ಅರ್ಥ. ಅಶ್ವತ್ಥವೂ ಹಣ್ಣೆಲೆಯನ್ನು ಉದುರಿಸಿಯೇ ಚಿಗುರುತ್ತದೆ. ಕ್ಯಾನ್ಸರ್ ಕೋಶವಾದರೋ ಉದುರಲೊಲ್ಲದ ಎಲೆ. ಅದರೊಳಗೆ ವಿಕಾರಗೊಂಡ ಪ್ರೋಟೀನುಗಳು ಬಹಳ; ಆದುದರಿಂದ ಅದಕ್ಕೆ ಪಾಲಕರ ನೆರವು ಹೆಚ್ಚಾಗಿ ಬೇಕು. ಅಣುತೂಕದ ಅಂಕೆಯಿಂದ ಎಚ್‌ಎಸ್‌ಪಿ-90 ಎನಿಸಿಕೊಂಡ ಪಾಲಕ, 'ಬದುಕು' ಎಂಬ ಆಜ್ಞೆಯನ್ನು ಸಾಗಿಸುವ ಪ್ರೋಟೀನುಗಳನ್ನು ಕುಸಿಯಗೊಡದೆ ನಿಲ್ಲಿಸುತ್ತದೆ; ಎಚ್‌ಎಸ್‌ಪಿ-70 ಮರಣಾಜ್ಞೆಯನ್ನು ನಡುದಾರಿಯಲ್ಲಿಯೇ ತಡೆಯುತ್ತದೆ. ಕೌರವರ ಉಪ್ಪುಂಡು ಕಾದಿದ ಭೀಷ್ಮನಂತೆ, ಮನೆ ಒಳ್ಳೆಯದೋ ಕೆಟ್ಟದ್ದೋ ಎಂದು ಇವು ಕೇಳುವುದಿಲ್ಲ.

ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ಗೆಲ್ಡನಮೈಸಿನ್ ಎಂಬ ವಸ್ತು ಎಚ್‌ಎಸ್‌ಪಿ-90ನ್ನೇ ಕಟ್ಟಿಹಾಕುವುದೆಂದು ಅಮೆರಿಕದಲ್ಲಿ ವೈಟ್‌ಸೆಲ್, ನೆಕರ್ಸ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ಟಾಟು ಮತ್ತು ಸಂಗಡಿಗರು, ಅದೇ ವಸ್ತುವಿನಿಂದ ಮಲೇರಿಯಾ ಪರೋಪಜೀವಿಯ ಬೆಳವಣಿಗೆ ನಿಲ್ಲುವುದನ್ನು 2003ರಲ್ಲಿ ಪ್ರಕಟಿಸಿದರು. ಜ್ವರದ ಬೇಗೆಯಲ್ಲಿ ಬಾಳುವ ಆ ಜೀವಿಗೂ ಇದೇ ಪಾಲಕನ ಆಸರೆ!

ಆದರೆ ಗೆಲ್ಡನಮೈಸಿನ್ ಪಿತ್ತಕೋಶದ ನೆರೆಯ ಯಕೃತ್ತಿಗೆ ವಿಷ, ರೋಗಿಗೆ ಮದ್ದಾಗಲಿಲ್ಲ. ಅದೇ ಗುರಿಯ ಪಿಮಿಟೆಸ್ಪಿಬ್ ಎಂಬ ಔಷಧಿಗೆ, ಜೀರ್ಣಾಂಗದ ಒಂದು ಬಗೆಯ ಗಂತಿಗಾಗಿ, ಜಪಾನು 2022ರಲ್ಲಿ ಅನುಮತಿಯಿತ್ತಿತು. ಅಷ್ಟು ತಡವಾದುದಕ್ಕೆ ಕಾರಣವುಂಟು. ಪಾಲಕರನ್ನು ಪೂರ್ತಿಯಾಗಿ ಕಟ್ಟಿಹಾಕಿದರೆ ನಮ್ಮ ಒಳ್ಳೆಯ ಕೋಶಗಳೂ ಅನಾಥವಾಗುತ್ತವೆ.

ಕುಮಾರವ್ಯಾಸನ ಕಥೆಯಲ್ಲಿ, ದುರ್ಯೋಧನನ ಬಿರುನುಡಿಗೆ ನೊಂದ ವಿದುರ ತನ್ನ ಬಿಲ್ಲನ್ನು ತಾನೇ ಮುರಿಯುತ್ತಾನೆ. ಹಾಗೆ ವೈರಿಯ ಮನೆಯಲ್ಲಿ ಮಾತ್ರ ಪಾಲಕನ ಬಿಲ್ಲು ಮುರಿಯಬೇಕು. ನಮ್ಮ ಮನೆಯಲ್ಲಿ ಅವನು ಕಾವಲಿರಬೇಕು. ಅರುವತ್ತು ವರ್ಷ ಮೀರಿದ ಈ ಶೋಧಕ್ಕೆ ಇನ್ನೂ ಕೈಗೆ ಬಾರದ ಉಪಾಯ ಇದೊಂದೇ.