ಕರ ಹಾಕುವವರು ಯಾರು?

ಜೋಗೇಶ್ವರಿಯ ನಮ್ಮ ಉತ್ತರ ಕನ್ನಡದವರ ಮಾತಿನಲ್ಲಿ ಅಂಕೋಲೆಯ ಕರನಿರಾಕರಣೆ ಬಂದಾಗಲೆಲ್ಲ ನನಗೆ ಅಮೆರಿಕದ ಬೋಸ್ಟನ್ ನೆನಪಾಗುತ್ತದೆ. 1773ರ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಚಹಾ ಅಲ್ಲಿ ಅಗ್ಗವೇ ಆಗುತ್ತಿತ್ತು. ಆದರೂ ಡಿಸೆಂಬರ್ 16ರ ರಾತ್ರಿ 300ಕ್ಕೂ ಹೆಚ್ಚು ಪೆಟ್ಟಿಗೆ ಚಹಾವನ್ನು ಜನ ಸಮುದ್ರಕ್ಕೆ ಸುರಿದರು. ಪೌಂಡಿಗೆ 3 ಪೆನ್ಸ್ ಸುಂಕ ಹಾಕಿದ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಅವರ ಪ್ರತಿನಿಧಿ ಒಬ್ಬನೂ ಇರಲಿಲ್ಲ. ಜಗಳ ಅದಕ್ಕೆ.

ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು. ಮುಂದೆ ಅಂಕೋಲೆ, ಸಿದ್ಧಾಪುರ ತಾಲೂಕುಗಳ ರೈತರು ಭೂಕಂದಾಯ ಕೊಡುವುದನ್ನೇ ನಿಲ್ಲಿಸಿದರು. ಬೋಸ್ಟನ್ನಿನಲ್ಲಿ ಹಾಳಾದದ್ದು ಕಂಪನಿಯ ಸರಕು. ನಮ್ಮೂರಲ್ಲಿ ಜಪ್ತಾದದ್ದು ರೈತರ ಸ್ವಂತ ಜಮೀನು. ಸಿದ್ಧಾಪುರದ ಮಾವಿನಗುಂಡಿಯಲ್ಲಿ, ಜಪ್ತಾದ ಆಸ್ತಿ ಕೊಂಡವರ ಮನೆಬಾಗಿಲಲ್ಲಿ ಹೆಂಗಸರು ಉಪವಾಸ ಕೂತರು.

1937ರ ಚುನಾವಣೆಯ ನಂತರ ಇದೇ ಮುಂಬಯಿಯಲ್ಲಿ ಬಿ.ಜಿ. ಖೇರ್ ಅವರ ಸರ್ಕಾರ ಬಂತು; ಮುಟ್ಟುಗೋಲಾದ ಜಮೀನು ಮರಳಿಸುವ ಕಾನೂನು ಮಾಡಿತು. ಆಳುವ ಕುರ್ಚಿಯಲ್ಲಿ ಜನ ಆರಿಸಿದವರು ಕೂತ ಮೇಲೆಯೇ ಆ ದಾರಿ ತೆರೆದದ್ದು. ಬೋಸ್ಟನ್ನಿನವರೂ ಅಂಕೋಲೆಯವರೂ ಕೇಳಿದ್ದು ಆ ಹಕ್ಕನ್ನೇ. ನಮ್ಮವರು ಅದಕ್ಕೆ ಗದ್ದೆಯನ್ನೇ ಪಣಕ್ಕಿಟ್ಟಿದ್ದರು.