ಕೆಂಗಲ್ ಹನುಮಂತಯ್ಯನವರು ಮತ್ತು ಏಕೀಕರಣ

ಹನುಮಂತಯ್ಯನವರು ಯಾರೆಂದು ಕೇಳಿದರೆ ನನ್ನ ವಿದ್ಯಾರ್ಥಿಗಳು ‘ವಿಧಾನಸೌಧ ಕಟ್ಟಿಸಿದವರು’ ಎನ್ನುತ್ತಾರೆ. ಮಾತು ಸರಿಯೇ, ಆದರೆ ಅವರ ಹಿರಿಯ ಕೆಲಸ ಬೇರೊಂದಿದೆ.

1908ರಲ್ಲಿ ರಾಮನಗರದ ಸೀಮೆಯಲ್ಲಿ ಹುಟ್ಟಿ, ನಮ್ಮ ಮಹಾರಾಜ ಕಾಲೇಜಿನಲ್ಲಿ ಓದಿ, ವಕೀಲರಾಗಿದ್ದ ಅವರು 1952ರಲ್ಲಿ ಮೈಸೂರಿನ ಮುಖ್ಯಮಂತ್ರಿಗಳಾದರು. ಸೌಧಕ್ಕೆ 1951ರಲ್ಲೇ, ಕೆ. ಸಿ. ರೆಡ್ಡಿಯವರ ಕಾಲದಲ್ಲಿ, ಅಸ್ತಿಭಾರ ಬಿದ್ದಿತ್ತು. ನಕ್ಷೆಯನ್ನು ಬದಲಿಸಿ ಅದನ್ನು ಭವ್ಯವಾಗಿ ಎತ್ತಿಸಿದವರು ಇವರು. ದುಂದುವೆಚ್ಚವೆಂಬ ದೂರು ಎದ್ದು ಮುಂದೆ ವಿಚಾರಣೆಯೂ ನಡೆಯಿತು.

ಅದಕ್ಕಿಂತ ತೀಕ್ಷ್ಣವಾದುದು ಏಕೀಕರಣದ ವಿವಾದ. ಕನ್ನಡ ಪ್ರದೇಶಗಳೆಲ್ಲ ಕೂಡಿದರೆ ಹಳೆಯ ಮೈಸೂರಿನ ಸಂಪತ್ತು ಹಂಚಿಹೋದೀತು, ಅಧಿಕಾರ ಕೈತಪ್ಪೀತು ಎಂಬ ಅಂಜಿಕೆ ಇಲ್ಲಿನ ಅನೇಕ ನಾಯಕರಿಗಿತ್ತು. ಸ್ವಪಕ್ಷದವರೇ ಎದುರಾದರೂ ಹನುಮಂತಯ್ಯನವರು ಏಕೀಕರಣದ ಪರವಾಗಿ ನಿಂತರು. ಪಕ್ಷದ ಒಳಜಗಳ ಬೆಳೆದು 1956ರ ಆಗಸ್ಟ್‌ನಲ್ಲಿ ಅವರು ಪದವಿ ಬಿಡಬೇಕಾಯಿತು. ಆ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಮುಖ್ಯಮಂತ್ರಿಗಳಾದವರು ನಿಜಲಿಂಗಪ್ಪನವರು.

ಹನುಮಂತಯ್ಯನವರು ಮುಂದೆ ಕೇಂದ್ರದಲ್ಲಿ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು, ರೈಲ್ವೆ ಸಚಿವರೂ ಆದರು. ಆದರೆ 1980ರಲ್ಲಿ ತೀರಿಕೊಳ್ಳುವವರೆಗೆ ಮುಖ್ಯಮಂತ್ರಿ ಪದವಿ ಅವರಿಗೆ ಮರಳಿ ಬರಲಿಲ್ಲ. ತಾವು ಕಟ್ಟಿಸಿದ ಸೌಧದಿಂದ ಒಂದುಗೂಡಿದ ನಾಡನ್ನು ಆಳುವ ಭಾಗ್ಯ ಅವರಿಗೆ ಲಭಿಸಲಿಲ್ಲ. ಖರ್ಚಿನ ಲೆಕ್ಕ ಕೇಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನನ್ನ ಅಭಿಪ್ರಾಯ.